ಸೀಟಿನ ಮೇಲಿನ ಟವೆಲು

"ಸರ್, ಒಂದು ಜಾಗವನ್ನು ಖಾಲಿ ಇಟ್ಟುಕೊಂಡು ಕಾಯುವುದು ತಪ್ಪೇ?"

ಕೇಳಿದವಳು ನೀಲಾಂಬಿಕೆ, ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಎಲ್ಲರೂ ಅವಳನ್ನು ನೀಲಾ ಎನ್ನುತ್ತಿದ್ದರು. ಕೇಳಿಸಿಕೊಂಡವರು ಅವಳ ಮಾರ್ಗದರ್ಶಕರಾದ ಇಟಗಿ ಸರ್. ಜಾಗ ಎಂದರೆ ಇಲ್ಲಿ ದೊಡ್ಡದೇನಲ್ಲ. ಪ್ರಯೋಗಾಲಯದಲ್ಲಿ ಅವಳ ಎದುರಿಗಿದ್ದ ಒಂದು ಸ್ಟೂಲು, ಅದರ ಮುಂದೆ ಕೈ ಚಾಚಿದಷ್ಟು ಅಗಲದ ಬೆಂಚು, ಅಷ್ಟೇ. ಬೆಂಚು ಎಂದರೂ ಕೂರುವ ಬೆಂಚಲ್ಲ; ಸೀಸೆ, ಕೊಳವೆಗಳನ್ನಿಟ್ಟು ಕೆಲಸ ಮಾಡುವ ಕಲ್ಲಿನ ಕಟ್ಟೆಯನ್ನು ಅಲ್ಲಿ ಹಾಗೆನ್ನುತ್ತಾರೆ.

ಆ ಜಾಗ ಅಮರೇಶನದು. ಅವನೂ ಅವಳೂ ಒಂದೇ ವರ್ಷ ಸೇರಿದವರು. ಒಬ್ಬರು ತೂಗಿಟ್ಟದ್ದನ್ನು ಇನ್ನೊಬ್ಬರು ಕೇಳದೆಯೇ ಕಲಕುವಷ್ಟು ಹೊಂದಿಕೊಂಡವರು. ಬೇರೆ ಊರಿನ ಪ್ರಯೋಗಾಲಯಕ್ಕೆ ಹೊರಟಾಗ ಅವನು, "ಬೇಸಿಗೆ ಮುಗಿಯೋದರೊಳಗೆ ಬಂದುಬಿಡ್ತೀನಿ, ನನ್ನ ಜಾಗ ನೋಡ್ಕೋ ನೀಲಾ" ಎಂದಿದ್ದ. ಅವಳು ತನ್ನ ಹಳೆಯ ಬಿಳಿ ಕೋಟನ್ನು ಆ ಸ್ಟೂಲಿನ ಮೇಲೆ ಹೊದಿಸಿದಳು. ಬೇಸಿಗೆ ಮುಗಿಯಿತು. ಮಳೆಗಾಲವೂ ಮುಗಿಯಿತು. ಅವನ ಫೋನು ಮೊದಲು ದಿನಾ ಬರುತ್ತಿತ್ತು, ಆಮೇಲೆ ಹಬ್ಬಕ್ಕೊಮ್ಮೆ ಬಂತು, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಬರುವುದಿಲ್ಲ ಎಂದು ಅವನು ಹೇಳಿರಲಿಲ್ಲ. ಹೇಳಿದ್ದರೆ ಕೋಟು ತೆಗೆಯುವುದು ಅವಳಿಗೆ ಸುಲಭವಾಗುತ್ತಿತ್ತು. ಹೇಳದೆ ಇದ್ದುದರಿಂದಲೇ ಅದು ಅಲ್ಲೇ ಉಳಿಯಿತು.

ಈಗ ಸಬಿಹಾ ಎಂಬ ಹೊಸ ಹುಡುಗಿ ಸೇರಿದ್ದಳು. ಅವಳಿಗೆ ಜಾಗವಿರಲಿಲ್ಲ. ತನ್ನ ಸೀಸೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ನಿಂತೇ ಕೆಲಸ ಮಾಡುತ್ತಿದ್ದಳು. ಒಂದು ದಿನ ಸ್ಟೂಲು ತೋರಿಸಿ, "ಅಕ್ಕಾ, ಇಲ್ಲಿ ಯಾರಾದರೂ ಬರ್ತಾರಾ?" ಎಂದು ಕೇಳಿದಳು.

"ಬರ್ತಾರೆ" ಎಂದಳು ನೀಲಾ.

"ಧೂಳಂತೂ ದಿನಾ ತಪ್ಪದೆ ಬಂದು ಕೂರ್ತದೆ" ಎಂದು ನಕ್ಕು ಸಬಿಹಾ ಕಿಟಕಿಗೆ ಮರಳಿದಳು.

ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ನೀಲಾ ಅಂದು ಊಟ ಮಾಡಲಿಲ್ಲ. ಇಟಗಿ ಸರ್ ಇದನ್ನೆಲ್ಲ ನೋಡಿದ್ದರು. ಇವತ್ತು ಬೆಳಿಗ್ಗೆ, "ಆ ಜಾಗ ಸಬಿಹಾಗೆ ಕೊಡೋಣವೇ, ಬೇಡವೇ? ನೀನೇ ಹೇಳು" ಎಂದು ತೀರ್ಮಾನವನ್ನು ಅವಳಿಗೇ ಬಿಟ್ಟಿದ್ದರು. ಅದಕ್ಕೇ ಅವಳು ಅವರ ಕೋಣೆಗೆ ಬಂದು ಈ ಪ್ರಶ್ನೆ ಕೇಳಿದ್ದು. ಹೌದು ಅಥವಾ ಅಲ್ಲ ಎಂದರೆ ಸಾಕು ಎಂದುಕೊಂಡಿದ್ದಳು. ಅವರು ಚಹದ ಲೋಟ ಕೆಳಗಿಟ್ಟು ಕತೆ ಹೇಳತೊಡಗಿದರು.

ಒಬ್ಬ ರಸಾಯನ ವಿಜ್ಞಾನಿ ಇದ್ದ. ಅವನು ಲೋಹದ ಒಂದು ಸಂಕೀರ್ಣವನ್ನು ಕಟ್ಟಿದ. ನಡುವೆ ಒಂದು ಪಲ್ಲೇಡಿಯಂ ಪರಮಾಣು. ಸುತ್ತಲೂ ಇಂಗಾಲದ ಗುಂಪುಗಳು ನೇರವಾಗಿ ಅದರ ಕೈ ಹಿಡಿದು ನಿಂತಿದ್ದವು. ಒಂದು ಪಕ್ಕ ಮಾತ್ರ ಖಾಲಿ. ಆ ಖಾಲಿ ಪಕ್ಕದಲ್ಲೇ ಅದರ ಕೆಲಸ. ತಾವಾಗಿ ಎಂದೂ ಕೂಡದ ಎರಡು ಅಣುಗಳು ಅಲ್ಲಿಗೆ ಬರುತ್ತಿದ್ದವು, ಲೋಹದ ಆಸರೆಯಲ್ಲಿ ಒಂದಾಗುತ್ತಿದ್ದವು, ಎದ್ದು ಹೋಗುತ್ತಿದ್ದವು. ಜಾಗ ಮತ್ತೆ ಖಾಲಿಯಾಗುತ್ತಿತ್ತು, ಬೇರೆ ಎರಡು ಬರುತ್ತಿದ್ದವು. ಹೀಗೆ ಕೂಡಿಸಿ ಕಳಿಸಿ ತಾನು ಮೊದಲಿನ ಸ್ಥಿತಿಗೆ ಮರಳುವ ವಸ್ತುವನ್ನು ವೇಗವರ್ಧಕ ಎನ್ನುತ್ತಾರೆ. ಇದೆಲ್ಲ ನೀಲಾಳಿಗೆ ಗೊತ್ತಿದ್ದದ್ದೇ. ಅವಳ ಪ್ರಬಂಧದ ವಿಷಯವೂ ಇದೇ. ಆದರೂ ಸರ್ ಗೊತ್ತಿದ್ದದ್ದನ್ನೇ ಮೊದಲಿನಿಂದ ಹೇಳಿದರು, ಅವಳೂ ಮೊದಲ ಸಲ ಕೇಳುವವಳಂತೆ ಕೇಳಿದಳು.

ಆದರೆ ಖಾಲಿ ಜಾಗಕ್ಕೆ ಒಂದು ಕೇಡಿದೆ. ಬರಬೇಕಾದವರು ತಡ ಮಾಡಿದರೆ ಲೋಹ ಇನ್ನೊಂದು ಲೋಹವನ್ನೇ ತಬ್ಬಿಕೊಳ್ಳುತ್ತದೆ. ಅದು ಮತ್ತೊಂದನ್ನು ತಬ್ಬುತ್ತದೆ. ಕಿತ್ತಳೆ ಬಣ್ಣದ ದ್ರಾವಣ ನೋಡನೋಡುತ್ತ ಕಪ್ಪಾಗಿ ತಳದಲ್ಲಿ ಮಸಿಯಂಥ ಪುಡಿ ಕೂರುತ್ತದೆ. ಅದು ಅವನ ಕೆಲಸಕ್ಕೆ ಬಾರದು. ಅವನು ಎಷ್ಟೋ ಸಲ ಆ ಮಸಿಯನ್ನು ಉಜ್ಜಿ ತೊಳೆದ. ತೊಳೆಯುವಾಗಲೆಲ್ಲ ಆ ಕಿತ್ತಳೆ ಬಣ್ಣವನ್ನೇ ನೆನೆದ. ಕೊನೆಗೆ ಹೆದರಿದ. ಹೆದರಿದವರು ಏನು ಮಾಡುತ್ತಾರೋ ಅದನ್ನೇ ಮಾಡಿದ. ಒಮ್ಮೆ ಹಿಡಿದರೆ ಬಿಡದಂಥ ಒಂದು ಅಣುವನ್ನು ತಂದು ಖಾಲಿ ಜಾಗದಲ್ಲಿ ಕೂರಿಸಿಬಿಟ್ಟ.

ಹರಳು ಬಂತು. ಹೊಂಬಣ್ಣದ ಹರಳು. ಗಾಳಿಗೂ ಕೆಡಲಿಲ್ಲ, ಬೆಳಕಿಗೂ ಕೆಡಲಿಲ್ಲ. ನೋಡಿದವರೆಲ್ಲ ಹೊಗಳಿದರು. ಅವನು ಆ ಹರಳನ್ನು ಕರಗಿಸಿ, ಎರಡು ಅಣುಗಳನ್ನೂ ಹಾಕಿ ಕಲಕಿದ. ಏನೂ ಆಗಲಿಲ್ಲ. ಕಾಯಿಸಿದ. ಆಗಲೂ ಏನೂ ಆಗಲಿಲ್ಲ. ಬಂದವರು ಬಾಗಿಲಲ್ಲಿ ನಿಂತು ನಿಂತು ಬಂದ ಹಾಗೆಯೇ ಹಿಂದಿರುಗಿದರು. ಬಾಗಿಲು ಎಂದು ಸರ್ ಅಂದದ್ದು ಆ ಮುಚ್ಚಿದ ಜಾಗವನ್ನು; ಬಂದವರು ಎಂದದ್ದು ಆ ಅಣುಗಳನ್ನು.

ಕತೆ ಇಲ್ಲಿಗೇ ಮುಗಿಯಿತು ಎಂದುಕೊಂಡಳು ನೀಲಾ. ಜಾಗ ಹಿಡಿದು ಕೂರಬೇಡ, ಕೋಟು ತೆಗೆದುಬಿಡು, ಅವನನ್ನು ಮರೆತುಬಿಡು ಎಂಬುದೇ ಇದರ ನೀತಿಯಿರಬೇಕು ಎನ್ನಿಸಿತು ಅವಳಿಗೆ. ಆದರೆ ಸರ್ ನಿಲ್ಲಿಸಲಿಲ್ಲ.

ಆ ಸಂಜೆ ವಿಜ್ಞಾನಿ ಬಸ್ಸು ಹತ್ತಿದ. ಅವನ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಪಕ್ಕದ ಸೀಟಿನ ಮೇಲೆ ಒಂದು ಟವೆಲು ಹಾಸಿದ್ದಳು. ನಮ್ಮ ಕಡೆ ಟವೆಲು ಹಾಕಿದ ಸೀಟು ಹಾಕಿದವರದು. ಅದು ಯಾವ ಕಾನೂನಿನಲ್ಲೂ ಇಲ್ಲ. ಆದರೂ ಜನ ಅದನ್ನು ಮೀರುವುದಿಲ್ಲ. ಒಬ್ಬ ವ್ಯಾಪಾರಿ ಕಂಬಿ ಹಿಡಿದು ಜೋಲಿ ಹೊಡೆಯುತ್ತ ನಿಂತಿದ್ದ.

"ಯಾರಮ್ಮಾ ಇಲ್ಲಿ?" ಎಂದು ಕೇಳಿದ.

"ಬರ್ತಾರೆ. ಮುಂದಿನ ಸ್ಟಾಪಿನಲ್ಲಿ ಹತ್ತುತ್ತಾರೆ."

"ಟವೆಲಿಗೂ ಟಿಕೆಟ್ ತಗೊಂಡಿದ್ದೀರೋ ಹೇಗೆ?"

ಸುತ್ತಲಿನವರು ನಕ್ಕರು. ಹೆಂಗಸು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮುಂದಿನ ಸ್ಟಾಪು ಬಂತು. ಅವಳು ಕಿಟಕಿಯ ಸರಳು ಹಿಡಿದು ಹತ್ತುವವರ ಮುಖಗಳನ್ನೆಲ್ಲ ನೋಡಿದಳು. ಕೊನೆಯವನೂ ಹತ್ತಿದ. ಕಂಡಕ್ಟರ್ ರೈಟ್ ಎಂದ. ಆಗ ಅವಳು ಟವೆಲು ತೆಗೆದು, ಮಡಚಿ, ಮಡಿಲಲ್ಲಿ ಇಟ್ಟುಕೊಂಡಳು. "ಕೂತ್ಕೊಳ್ಳಿ ಅಣ್ಣಾ" ಎಂದಳು.

ವ್ಯಾಪಾರಿಗೆ ತನ್ನ ಮಾತಿಗೆ ತಾನೇ ನಾಚಿಕೆಯಾಯಿತು. "ನಿಮ್ಮವರು ಬಂದರೆ?" ಎಂದ.

"ಬಂದಾಗ ನೋಡೋಣ. ನೀವೇನು ಇಲ್ಲೇ ಮನೆ ಕಟ್ಟಿಕೊಂಡು ಇರ್ತೀರಾ?"

ವ್ಯಾಪಾರಿ ಕುಳಿತ. ತನ್ನ ಊರು ಬಂದಾಗ ಕೈ ಮುಗಿದು ಇಳಿದ. ಅವನು ಎದ್ದ ಕೂಡಲೇ ಅವಳು ಮಡಿಲಿನ ಟವೆಲನ್ನು ಬಿಚ್ಚಿ, ಸುಕ್ಕು ಸರಿಮಾಡಿ, ಸೀಟಿನ ಮೇಲೆ ಮತ್ತೆ ಹಾಸಿದಳು. ಮತ್ತೆ ಸರಳು ಹಿಡಿದು ಹೊರಗೆ ನೋಡಿದಳು. ಆ ಸ್ಟಾಪಿನಲ್ಲೂ ಅವಳು ಹುಡುಕಿದ ಮುಖ ಇರಲಿಲ್ಲ. ಒಬ್ಬ ಬಸುರಿ ಹತ್ತಿದಳು. ಟವೆಲು ಮತ್ತೆ ಮಡಿಲಿಗೆ ಬಂತು. ಬಸುರಿ ಇಳಿದಳು. ಟವೆಲು ಮತ್ತೆ ಸೀಟಿಗೆ ಹೋಯಿತು. ವಿಜ್ಞಾನಿ ಇದನ್ನೇ ನೋಡುತ್ತ ಕುಳಿತ. ಅವನು ಇಳಿಯಬೇಕಾದ ಸ್ಟಾಪು ಹಿಂದೆ ಹೋದದ್ದು ಅವನಿಗೆ ತಿಳಿಯಲೇ ಇಲ್ಲ.

ಮರುದಿನ ಅವನು ಹೊಸದಾಗಿ ಸಂಕೀರ್ಣವನ್ನು ಕಟ್ಟಿದ. ಈ ಸಲ ಖಾಲಿ ಪಕ್ಕದಲ್ಲಿ ಬಿಡದೆ ಹಿಡಿಯುವ ಅಣುವನ್ನು ಕೂರಿಸಲಿಲ್ಲ. ದಿನವೂ ಸೀಸೆ ತೊಳೆಯಲು ಬಳಸುತ್ತಿದ್ದ ಅಸಿಟೋನೈಟ್ರೈಲ್ ಎಂಬ ದ್ರವವನ್ನು ಹಾಕಿದ. ಅದರ ಹಿಡಿತ ಸಡಿಲ. ಸಡಿಲ ಎಂದೇ ಅವನು ಇಷ್ಟು ದಿನ ಅದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದು ಲೋಹದ ಪಕ್ಕದಲ್ಲಿ ಕುಳಿತು ಜಾಗ ಕಾಯಿತು. ಅಣುಗಳು ಬಂದಾಗ ಎದ್ದು ಪಕ್ಕಕ್ಕೆ ಸರಿಯಿತು. ದೂರ ಹೋಗಲಿಲ್ಲ, ಅದೇ ದ್ರಾವಣದಲ್ಲಿ ಅಲ್ಲಲ್ಲೇ ಸುಳಿದಾಡಿತು. ಅವು ಕೂಡಿ ಹೊರಟುಹೋದ ಮೇಲೆ ಮರಳಿ ಬಂದು ತನ್ನ ಜಾಗದಲ್ಲಿ ಕುಳಿತಿತು. ಸಂಜೆಯಾದರೂ ದ್ರಾವಣ ಕಪ್ಪಾಗಲಿಲ್ಲ. ಅವನು ಎಷ್ಟೋ ಕಾಲ ನೆನೆದ ಕಿತ್ತಳೆ ಬಣ್ಣ ಹಾಗೆಯೇ ಇತ್ತು.

ಸರ್ ಕತೆ ನಿಲ್ಲಿಸಿ ಆರಿದ ಚಹವನ್ನು ಕುಡಿದರು.

ಬೇರೆ ಯಾರಾದರೂ ಆಗಿದ್ದರೆ ದ್ರಾವಣದ ಬಗ್ಗೆ ಕೇಳುತ್ತಿದ್ದರು. ನೀಲಾಳ ಮನಸ್ಸು ಬಸ್ಸಿನಲ್ಲೇ ಉಳಿದಿತ್ತು. "ಕೊನೆಗೆ ಆ ಹೆಂಗಸಿನ ಕಡೆಯವರು ಹತ್ತಿದರಾ ಸರ್?" ಎಂದಳು.

"ವಿಜ್ಞಾನಿ ಇಳಿಯುವವರೆಗೆ ಹತ್ತಿರಲಿಲ್ಲ."

ನೀಲಾ ಬಾಗಿಲಿನ ಗಾಜಿನಾಚೆ ನೋಡಿದಳು. ಅಲ್ಲಿಂದ ಪ್ರಯೋಗಾಲಯ ಕಾಣುತ್ತಿತ್ತು. ಕೋಟು ಹೊದ್ದ ಸ್ಟೂಲು ಅಲ್ಲೇ ಇತ್ತು. ಅದರಾಚೆ ಸಬಿಹಾ ಸೀಸೆಯನ್ನು ಬೆಳಕಿಗೆ ಹಿಡಿದು, ನೋಯುವ ಕಾಲನ್ನು ಬದಲಿಸುತ್ತ ಕಿಟಕಿಯ ಬಳಿ ನಿಂತಿದ್ದಳು.

"ಆದರೂ ಪ್ರತಿ ಸಲ ಟವೆಲು ಹಾಸಿದಳು" ಎಂದಳು ನೀಲಾ. ಅವಳ ದನಿ ಸಣ್ಣಗಾಗಿತ್ತು. "ಅಂದರೆ ಅವಳು ಕಾಯುವುದನ್ನು ಬಿಡಲೇ ಇಲ್ಲ."

"ಬಿಡಲಿಲ್ಲ ನೀಲಾ, ನಿಂತವರನ್ನು ಕೂರಿಸಿಕೊಂಡು ಕಾದಳು."