ಕಗ್ಗದ ತೆನೆಯನ್ನಷ್ಟೇ ಕೊಯ್ಯುವುದೇಕೆ

ಲೋಕಕ್ಕೆ ಆಗ ಇನ್ನೂ ಎಳೆತನ. ಬೆಟ್ಟಗಳ ಮೈ ಗಟ್ಟಿಯಾಗಿರಲಿಲ್ಲ, ಹೊಳೆಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಕಾಳುಗಳೆಲ್ಲ ತಮಗೆ ಬೇಕಾದ ನೆಲ ಆರಿಸಿಕೊಂಡವು. ರಾಗಿ ಕೆಂಪು ನೆಲಕ್ಕೆ ಹೋಯಿತು. ಜೋಳ ಕಪ್ಪು ನೆಲಕ್ಕೆ ಹೋಯಿತು. ಭತ್ತ ಸಿಹಿನೀರಿನ ಗದ್ದೆಗೆ ಹೋಯಿತು.

ಹೊಳೆ ಕಡಲನ್ನು ಸೇರುವ ಕಡೆ ಉಪ್ಪು ಕೆಸರಿನ ಬಯಲೊಂದಿತ್ತು. ಗಜನಿ ಅಂತ ಅದರ ಹೆಸರು. ಅಲ್ಲಿಗೆ ಯಾರೂ ಹೋಗಲಿಲ್ಲ.

ಕಾಳುಗಳ ಹಿಂದೆಯೇ ಜನರೂ ಬಂದರು. ಎಲ್ಲರಿಗಿಂತ ಕೊನೆಗೆ ಬಂದವಳು ಬೀರಿ. ಸೊಂಟದಲ್ಲೊಂದು ಕೂಸು, ಸೆರಗು ಹಿಡಿದು ಇನ್ನೊಂದು. ಒಳ್ಳೆಯ ನೆಲವೆಲ್ಲ ಹಂಚಿಹೋಗಿತ್ತು.

"ಇದೇ ನನ್ನ ನೆಲ," ಅಂದಳು ಬೀರಿ. ಕೆಸರು ಬಾಚಿ ಬಾಚಿ ಕಡಲಿಗೆ ಅಡ್ಡಲಾಗಿ ಒಡ್ಡು ಕಟ್ಟಿದಳು.

ಮಳೆ ಬಂತು. ಹೊಳೆ ತುಂಬಿ ಬಂತು.

"ಹೊಳೆಯವ್ವಾ, ಈ ಮಣ್ಣಿನ ಉಪ್ಪು ತೊಳೆದುಕೊಡೇ."

ಹೊಳೆ ತೊಳೆಯಿತು. ಮತ್ತೆ ತೊಳೆಯಿತು. ಆದರೂ ಬೀರಿ ಚೂರು ಮಣ್ಣು ನಾಲಿಗೆಗಿಟ್ಟು ನೋಡಿದರೆ ಉಪ್ಪು ಉಳಿದೇ ಇತ್ತು.

"ಇಷ್ಟನ್ನು ತಡೆದುಕೊಳ್ಳುವ ಕಾಳು ಎಲ್ಲೋ ಇದ್ದೇ ಇದೆ," ಅಂದುಕೊಂಡು ಗದ್ದೆಗಳಿಗೆ ಹೋಗಿ ಭತ್ತಗಳನ್ನು ಕರೆದಳು.

"ಉಪ್ಪೇ? ನನ್ನ ಬೇರು ಸುಟ್ಟೀತು," ಅಂದಿತು ಬಿಳಿ ಅಕ್ಕಿಯ ಭತ್ತ. ಸಣ್ಣಕ್ಕಿಯ ಭತ್ತ ಮುಖ ತಿರುಗಿಸಿತು. ಕಗ್ಗ ಅನ್ನೋ ಒರಟು ಕೆಂಪಕ್ಕಿಯ ಭತ್ತ ಮಾತ್ರ ಕೇಳಿತು, "ನೀನು ಅಲ್ಲೇ ಇರ್ತೀಯಾ?"

"ಅಲ್ಲೇ ಇರ್ತೇನೆ."

"ಹಾಗಾದ್ರೆ ನಾನೂ ಬರ್ತೇನೆ."

ಕಗ್ಗ ಗಜನಿಯಲ್ಲಿ ಬೇರೂರಿತು, ಹಸಿರಾಯಿತು, ತೆನೆ ಕಟ್ಟಿತು. ಮಕ್ಕಳಿಗೆ ಅನ್ನ ಸಿಗುವ ದಿನ ಹತ್ತಿರ ಬಂತು.

ಅಷ್ಟರಲ್ಲಿ ಮಳೆ ನಿಂತಿತು, ಹೊಳೆ ಸೊರಗಿತು. ಹುಣ್ಣಿಮೆಯ ಉಬ್ಬರದಲ್ಲಿ ಕಡಲು ನುಗ್ಗಿ ಬಂದು ಒಡ್ಡನ್ನು ಒಡೆಯಿತು. ಬೀರಿ ಮಕ್ಕಳನ್ನು ದಿಬ್ಬದ ಮೇಲೆ ಕೂರಿಸಿ, ಒಡ್ಡು ಒಡೆದ ಜಾಗಕ್ಕೆ ತನ್ನ ಬೆನ್ನನ್ನೇ ಕೊಟ್ಟು ನಿಂತಳು.

"ಕಗ್ಗಾ, ತಲೆ ಎತ್ತು!"

"ಎತ್ತಿದ್ದೇನೆ!"

ನೀರು ಏರಿತು, ಕಗ್ಗವೂ ಏರಿತು. ನೀರು ಇನ್ನೂ ಏರಿತು, ಕಗ್ಗ ಇನ್ನೂ ಏರಿತು. ಬೀರಿಯ ಎದೆಮಟ್ಟ ನೀರು ಬಂದರೂ ತೆನೆಗಳು ಮೇಲೆಯೇ ತೂಗುತ್ತಿದ್ದವು.

ಕಡಲಿಗೆ ದಣಿವಾಯಿತು. "ನನ್ನ ಜಾಗ ಕಿತ್ತುಕೊಂಡು ನನಗೇ ಅಡ್ಡ ನಿಂತೆಯಲ್ಲ ಮಗಳೇ! ನನ್ನ ಸಿಗಡಿ ಮರಿಗಳು ಎಲ್ಲಿ ಬೆಳೀಬೇಕು?"

ಬೀರಿ ದಿಬ್ಬದ ಮೇಲಿದ್ದ ತನ್ನ ಮಕ್ಕಳನ್ನು ನೋಡಿದಳು. ಅವಳ ಮನಸ್ಸು ಮೆತ್ತಗಾಯಿತು. "ನಿನಗೂ ಮಕ್ಕಳಿದ್ದಾವೆ ಅಂತ ನನಗೆ ಹೊಳೆಯಲೇ ಇಲ್ಲ, ಕಡಲಪ್ಪ."

ಆಗ ಕಗ್ಗ ಹೇಳಿತು, "ನನ್ನ ತಲೆ ಬೀರಿಯ ಮಕ್ಕಳಿಗಿರಲಿ, ಕಾಲು ನಿನ್ನ ಮಕ್ಕಳಿಗಿರಲಿ."

"ತೆನೆ ಕೊಯ್ದ ಕೂಡಲೇ ಒಡ್ಡನ್ನು ನಾನೇ ತೆರೆದುಕೊಡ್ತೇನೆ," ಅಂದಳು ಬೀರಿ. "ಅಲ್ಲಿವರೆಗೆ ಆಚೆ ಇರು."

ಕಡಲು ತಲೆಯಾಡಿಸಿ ಹಿಂದೆ ಸರಿಯಿತು. ಬೀರಿ ಒಡ್ಡನ್ನು ಮತ್ತೆ ಕಟ್ಟಿದಳು. ತೆನೆ ಹಣ್ಣಾದ ಮೇಲೆ ಅದನ್ನಷ್ಟೇ ಕೊಯ್ದು ಮಕ್ಕಳಿಗೆ ಕೆಂಪಕ್ಕಿ ಅನ್ನ ಬಡಿಸಿದಳು, ಕೈ ತೊಳೆದು ಹೋಗಿ ಒಡ್ಡನ್ನು ತೆರೆದಳು.

ಅದಕ್ಕೇ ನೋಡು ಮಗಾ, ಇವತ್ತಿಗೂ ಗಜನಿಯ ಜನ ನೀರಲ್ಲಿ ನಿಂತು ಕಗ್ಗದ ತೆನೆಯನ್ನಷ್ಟೇ ಕೊಯ್ಯುತ್ತಾರೆ, ಹುಲ್ಲನ್ನು ಹಾಗೇ ನಿಲ್ಲಿಸಿ ಸಿಗಡಿ ಮರಿಗಳಿಗೆ ಬಿಟ್ಟುಬರುತ್ತಾರೆ.