ಮೆಟ್ಟಿಲಿಲ್ಲದ ಮನೆ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ನಾಗಲಾದೇವಿಯವರು ಊಟ ಬಿಟ್ಟಿದ್ದಾರೆ. ಅವರ ಮೂರು ಒಗಟು ಬಿಡಿಸಿದ ಮೇಲೇ ತುತ್ತು ಮುಟ್ಟುತ್ತಾರಂತೆ. ಬಿಡಿಸಿದವರು ಕೇಳಿದ್ದನ್ನು ಮಹಾರಾಜರು ಕೊಡುತ್ತಾರೆ. ತಪ್ಪಿದವರ ತಲೆ ಉಳಿಯದು!"

ತಲೆಯ ಷರತ್ತು ಸೇರಿಸಿದವನು ಅವಳ ಗಂಡ, ದಳವಾಯಿ. ಕಂಡಕಂಡವರೆಲ್ಲ ಬರಬಾರದಂತೆ.

ಮೊದಲ ಒಗಟಿಗೇ ಆಸ್ಥಾನ ಪಂಡಿತರು "ಕನಸಿನ ಮೆಟ್ಟಿಲಿಂದ ಬಿದ್ದವಳು" ಎಂದು, ತಲೆ ಹೋಗುವ ದಿನ ಕಾಯಲು ಸೆರೆಮನೆ ಸೇರಿದರು. ಪಾಳೆಯಗಾರನೊಬ್ಬ "ಮೋಡದ ಮೆಟ್ಟಿಲಿಂದ ಜಾರಿದವಳು" ಎಂದು ಅವರ ಹಿಂದೆಯೇ ಹೋದ.

ವೈದ್ಯಶಾಲೆಗೆ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ತರುವ ಬೈಚನ ಕಿವಿಗೂ ಆ ಒಗಟು ಬಿತ್ತು. ಅವನು ಡೋಲಿ ಇಳಿಸಿ ಕೂತುಬಿಟ್ಟ. ಹೊತ್ತು ಹೊತ್ತು ಸಾಕಾಗಿತ್ತು. ಅದೇ ಹೆಂಗಸರು, ಅದೇ ಗಾಯ, ಅದೇ ಸಬೂಬು. ಹೀಗೇ ಹೊತ್ತು ತಂದಿದ್ದ ಸ್ವಂತ ತಂಗಿ ಕೊನೆಗೊಮ್ಮೆ ಮನೆಗೆ ಮರಳಲೇ ಇಲ್ಲ. ತಲೆ ಹೋದರೆ ಹೋಗಲಿ, ಭುಜಕ್ಕಾದರೂ ಬಿಡುವು ಸಿಕ್ಕೀತು ಎಂದುಕೊಂಡು ಎದ್ದು ಅರಮನೆಯ ಸಭೆಗೆ ನಡೆದ.

"ಮೆಟ್ಟಿಲೇ ಇಲ್ಲದ ಮನೆಯಲ್ಲಿ ಮೆಟ್ಟಿಲಿಂದ ಬಿದ್ದವಳು ಯಾರು?" ನಾಗಲಾದೇವಿಯ ದನಿ ಬತ್ತಿಹೋಗಿತ್ತು.

"ಏಟು ತಿಂದವಳು, ತಾಯೀ. ಗುಡಿಸಲಿನವರೂ ಹಾಗೇ ಹೇಳ್ತಾರೆ."

"ಎತ್ತಿದ ಕೈ ಯಾರನ್ನೂ ಹೊಡೆಯಲಿಲ್ಲ. ಆದರೂ ಮುರಿದದ್ದು ಅದೇ ಕೈ. ಯಾಕೆ?"

"ಮುಖಕ್ಕೆ ಅಡ್ಡ ಹಿಡಿದಿದ್ದಕ್ಕೆ. ಮೊಣಕೈ ಕೆಳಗೆ, ಹೊರಮಗ್ಗುಲಿಗೇ ಏಟು ಬಿದ್ದಿರುತ್ತೆ."

ಬೈಚ ಕಣ್ಣೆತ್ತಿದ. ಅಂಥ ಸೆಕೆಯಲ್ಲೂ ರಾಜಕುಮಾರಿಯ ಕುಪ್ಪಸದ ತೋಳು ಮಣಿಕಟ್ಟಿನವರೆಗೆ ಇತ್ತು.

"ಗಾಯ ಒಬ್ಬಳದು. ವೈದ್ಯರು ಕೇಳಿದರೆ ಉತ್ತರ ಹೇಳುವ ಬಾಯಿ ಇನ್ನೊಬ್ಬರದು. ಯಾರದು?"

ಉತ್ತರ ಗೊತ್ತಿತ್ತು. ಹೇಳಿದರೂ ತಲೆ ಉಳಿಯುವುದು ಅನುಮಾನವಾಗಿತ್ತು. "ತಾಯಿಯವರ ಕೈಗೆ ಏನಾಗಿದೆ?" ಎಂದಷ್ಟೇ ಕೇಳಿದ.

"ಮೆಟ್ಟಿಲಿಂದ ಬಿದ್ದಳು!" ಎಂದ ಅವಳ ಪಕ್ಕದಲ್ಲೇ ಕೂತಿದ್ದ ದಳವಾಯಿ. ಅಭ್ಯಾಸದ ಬಾಯಿ, ತಡೆಯಲಿಲ್ಲ.

ಸಭೆಯ ತಲೆಗಳೆಲ್ಲ ಅವನತ್ತ ತಿರುಗಿದವು.

"ಅದೇ ಬಾಯಿ, ಬುದ್ಧಿ," ಎಂದ ಬೈಚ. "ಹೊಡೆದವನೇ ಜೊತೇಲಿ ಬರ್ತಾನೆ. ಅವಳ ಬದಲು ಅವನೇ ಹೇಳ್ತಾನೆ."

ಮಹಾರಾಜ ಮಗಳ ಕುಪ್ಪಸದ ತೋಳು ಸರಿಸಿ ಗಾಯ ನೋಡಿದ. "ನನಗೇಕೆ ಹೇಳಲಿಲ್ಲ, ಮಗಳೇ?"

"ನೀವು ಕೇಳಿದಾಗೆಲ್ಲ ಇವರೇ ಉತ್ತರ ಕೊಟ್ಟರಲ್ಲ, ಅಪ್ಪಾಜಿ."

ಪಂಡಿತರೂ ಪಾಳೆಯಗಾರನೂ ಸೆರೆಯಿಂದ ಹೊರಬಂದರು, ದಳವಾಯಿ ಒಳಹೋದ. ರಾಜಕುಮಾರಿ ಗಂಜಿ ತರಿಸಿಕೊಂಡಳು.

"ನಿನಗೇನು ಬೇಕು?" ಎಂದ ಮಹಾರಾಜ.

"ವೈದ್ಯಶಾಲೆಗೆ ಕರೆತಂದವರು ಹೊರಗೆ ಹುಣಸೆಮರದ ಕೆಳಗೆ ಕೂರಲಿ, ಬುದ್ಧಿ. ಒಳಗೆ ವೈದ್ಯರು ಗಾಯಗೊಂಡವಳೊಬ್ಬಳನ್ನೇ ಕೇಳಲಿ."

ಆ ಸಂಜೆ ಬೈಚ ಮತ್ತೆ ಡೋಲಿ ಹೊತ್ತ. ಡೋಲಿಯಲ್ಲೊಬ್ಬ ಹೆಂಗಸು. ಅವಳ ಗಂಡ ಗೊಣಗುತ್ತ ಹುಣಸೆಮರದಡಿ ಕೂತ.

"ಮೆಟ್ಟಿಲಿಂದ ಬಿದ್ದೆಯೇನಮ್ಮ?" ವೈದ್ಯರು ವಾಡಿಕೆಯಂತೆ ಕೇಳಿದರು.

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ನಮ್ಮನೇಲಿ ಮೆಟ್ಟಿಲಿಲ್ಲ," ಎಂದಳು.