ಒಡೆಯದ ಸೆರೆಸಾಲು

ಪಾಳೆಯಗಾರ ಚಿತ್ತಪ್ಪನಾಯಕ ತನ್ನ ಕೋಟೆಗೆ ಕಲ್ಲು ಹೊರಲು ಸಾವಿರದ ಒಂಬತ್ತು ಜನರನ್ನು ಸೆರೆಹಿಡಿದು ತಂದ. ಅವರನ್ನು ಸಮನಾದ ಸಾಲುಗಳಾಗಿ ನಿಲ್ಲಿಸಿ, ಪ್ರತಿ ಸಾಲಿನ ಮೊದಲಿಗನ ತಲೆಯನ್ನು ದೇವಿಗೆ ಒಪ್ಪಿಸುವುದು ಅವನ ಮನೆತನದ ಹರಕೆ. ಸೆರೆಹಿಡಿದ ದಿನದ ಎಣಿಕೆ ಬದಲಾಗಕೂಡದು, ಸಾಲಿನಾಚೆ ಒಬ್ಬನೂ ಉಳಿಯಕೂಡದು.

ದಳವಾಯಿ ತಲೆಗೊಂದು ಹುಣಸೆಬೀಜವಿಟ್ಟು ಲೆಕ್ಕ ಹಾಕಿದ. ಎರಡು, ಮೂರು, ಏಳು, ಹನ್ನೊಂದು ಸಾಲು ಮಾಡಿದರೂ ಬೀಜ ಉಳಿದೇ ಉಳಿಯಿತು. ನಾಯಕ ಹಲ್ಲು ಕಡಿದ.

ಸೆರೆಯವರಿಗೆ ಗಂಜಿ ಬಡಿಸುವ ಸಣ್ಣೀರಮ್ಮ ಮುಂದೆ ಬಂದಳು. ಅವಳ ತಮ್ಮನೂ ಸೆರೆಯಲ್ಲಿದ್ದ.

"ಬುದ್ಧೀ, ಈ ಎಣಿಕೆ ಸಮನಾಗಿ ಒಡೆಯೋದಿಲ್ಲ. ಒಬ್ಬೊಬ್ಬನೂ ಒಂದೊಂದು ಸಾಲಾಗಬೇಕು, ಇಲ್ಲವೇ ಎಲ್ಲರೂ ಒಂದೇ ಸಾಲಾಗಬೇಕು."

"ಹಾಗಾದರೆ ಎಲ್ಲರ ತಲೆಯನ್ನೂ ತೆಗೀರಿ!"

"ತೆಗೆಸಿ ಬುದ್ಧೀ. ಕೋಟೆಯ ಕಲ್ಲನ್ನು ತಾವೇ ಹೊರುವಿರಂತೆ."

ನಾಯಕ ದಳವಾಯಿಯತ್ತ ಕೈ ಬೀಸಿದ. "ಒಂದೇ ಸಾಲು ಮಾಡ್ರೋ! " ಮತ್ತೆ ಅವಳತ್ತ ತಿರುಗಿದ. "ಮೊದಲಿಗೆ ಯಾರನ್ನು ನಿಲ್ಲಿಸ್ತೀಯೆ?"

ಅಂದು ಬೆಳಿಗ್ಗೆ ಗಾಯದಿಂದ ಸತ್ತಿದ್ದ ಸೆರೆಯಾಳೊಬ್ಬನನ್ನು ಸಣ್ಣೀರಮ್ಮ ತಮ್ಮನಿಂದ ಹೊರಿಸಿ ತಂದು ಮುಂದೆ ಮಲಗಿಸಿದಳು. "ಇವನನ್ನು ಬುದ್ಧೀ. ಸೆರೆಯಾದ ದಿನ ಇವನೂ ಎಣಿಕೆಯಲ್ಲಿದ್ದ."

ಕತ್ತಿ ಬಿತ್ತು. ರಕ್ತ ಚಿಮ್ಮಲಿಲ್ಲ.

ನಾಯಕ ಮುಖ ತಿರುಗಿಸಿ ಮೆಲ್ಲಗೆ ಹೇಳಿದ: "ಉಳಿದವರನ್ನು ಕಲ್ಲು ಹೊರಲು ಅಟ್ಟಿ. ಇವಳನ್ನು ಮಾತ್ರ ನನ್ನ ಅಡುಗೆಮನೆಯ ಹತ್ತಿರ ಬಿಡಬೇಡಿ."